ದೇವರ ಕೋಣೆಯ ಮಾಡಿಗಿಂತ ಎತ್ತರದ ಪೈಪು

ಪ್ಲಂಬರ್ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬನವಾಸಿಗೆ ಬರುತ್ತಾರೆ. ಮಂಡಿ ಕೈಕೊಟ್ಟ ಮೇಲೆ ನಾನು ಕೆಲಸ ಬಿಟ್ಟು ಮನೆಯ ಕಟ್ಟೆ ಹಿಡಿದಿದ್ದೇನೆ. ಮಾತಿಗೆ ಜನ ಸಿಕ್ಕರೆ ನನಗೂ ಖುಷಿ. ಬಂದವರು ಚಹಾ ಕುಡಿದು, "ಈ ಧಂದೇದಾಗ ಮುಖ್ಯ ಏನ್ರಿ ಕಾಕಾ?" ಎಂದು ಕೇಳುತ್ತಾರೆ. ಯಾವ ಅಂಟು ಗಟ್ಟಿ, ಯಾವ ಅಂಗಡಿಯವನು ಉದ್ರಿ ಕೊಡುತ್ತಾನೆ ಎಂಬ ಗುಟ್ಟು ಬಿಟ್ಟುಕೊಡುತ್ತೇನೆಂದು ಅವರ ಎಣಿಕೆ. ನಾನು "ಗಾಳಿ" ಎನ್ನುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರಳು ಶುರುವಾಗಿದೆ ಎಂದು ಆ ನೋಟದ ಅರ್ಥ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಬರೆದಿಟ್ಟರೆ ನಂಬಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ನೀರು ಇಳಿಯುವುದು ಎಲ್ಲರಿಗೂ ಕಾಣುತ್ತದೆ. ಅದರ ಹಿಂದೆ ಗಾಳಿಯೂ ಹೋಗಬೇಕು ಎಂಬುದು ಯಾರಿಗೂ ಕಾಣುವುದಿಲ್ಲ. ಕೊಮೋಡಿನ ನೀರು ಬಿಟ್ಟಾಗ ಅದು ಪೈಪು ತುಂಬಿಕೊಂಡು ಕೆಳಗೆ ಧುಮುಕುತ್ತದೆ. ಬೆನ್ನ ಹಿಂದೆ ಗಾಳಿ ಸಿಗದಿದ್ದರೆ ಸಿಕ್ಕಿದ್ದನ್ನು ಎಳೆದುಕೊಂಡು ಹೋಗುತ್ತದೆ. ಏನು ಸಿಗುತ್ತದೆ? ಪಕ್ಕದ ಬೇಸಿನ್ನಿನ ಕೆಳಗೆ, ನೆಲದ ಜಾಲರಿಯ ಕೆಳಗೆ ಬಾಗಿದ ಪೈಪಿನಲ್ಲಿ ನಿಂತ ನೀರು. ಆ ಬಾಗಿಗೆ ನಾವು ಟ್ರ್ಯಾಪು ಎನ್ನುತ್ತೇವೆ. ಅಲ್ಲಿ ನಿಂತ ಒಂದಿಷ್ಟು ನೀರೇ ಪಾಯಖಾನೆ ಗುಂಡಿಗೂ ಮನೆಯವರ ಮೂಗಿಗೂ ನಡುವಿನ ಬಾಗಿಲು. ಅದು ಖಾಲಿಯಾದರೆ ಗುಂಡಿಯ ವಾಸನೆ ಮಲಗುವ ಕೋಣೆಗೆ ಬಂದು ಕೂರುತ್ತದೆ. ಹಾಗಾಗಬಾರದು ಅಂದರೆ ಮಾಡು ಎಂಬ ಹೆಂಚಿನ ಛಾವಣಿಯ ಮೇಲಕ್ಕೆ ಬಾಯಿ ತೆರೆದುಕೊಂಡ ಪೈಪೊಂದು ನಿಲ್ಲಬೇಕು. ಅಂಗಡಿಯಲ್ಲಿ ಅದಕ್ಕೆ ವೆಂಟ್ ಪೈಪು ಎನ್ನುತ್ತಾರೆ, ನಮ್ಮ ಕಡೆ ಗಾಳಿ ಪೈಪು.

ಹೊಸ ಮನೆಯಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಹಳೆಯ ಮನೆಗೆ ಬಚ್ಚಲು ಸೇರಿಸುವಾಗಲೇ ಪಜೀತಿ. ಆ ಮನೆ ಕಟ್ಟಿದವರು ಬಚ್ಚಲನ್ನು ಹಿತ್ತಲಿಗೆ ಕಳಿಸಿ, ಪಾಯಖಾನೆಯನ್ನು ಅದಕ್ಕಿಂತಲೂ ಆಚೆ ಗಡಿಪಾರು ಮಾಡಿರುತ್ತಾರೆ. ಮೊಮ್ಮಕ್ಕಳು ಅದನ್ನು ವಾಪಸು ಕರೆಸಿ ಮಂಚದ ಪಕ್ಕದಲ್ಲೇ ಕೂರಿಸಬೇಕು ಎನ್ನುತ್ತಾರೆ. ಕೂರಿಸಬಹುದು, ಬೇಡ ಅಂದವರು ಯಾರು? ಆದರೆ ಬಚ್ಚಲು ಎಲ್ಲಿ ಬೇಕೆಂದು ಮನೆಯವರು ಬೆರಳು ತೋರಿಸಿದ ಕೂಡಲೇ ನೆಲ ನೋಡಬೇಡಿ. ಕತ್ತು ಎತ್ತಿ ಮಾಡು ನೋಡಿ. ಗಾಳಿ ಪೈಪು ಯಾವ ದಾರಿಯಲ್ಲಿ ಮೇಲೆ ಹೋಗುತ್ತದೆ, ಹೆಂಚು ಹೊತ್ತ ಯಾವ ಪಕಾಸು ಅಡ್ಡ ಬರುತ್ತದೆ, ಹೆಂಚಿನ ಮೇಲೆ ಅದರ ಬಾಯಿ ಯಾರ ಕಿಟಕಿಗೆ ಎದುರಾಗುತ್ತದೆ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಕೊಮೋಡಿನ ಬಣ್ಣದ ಚರ್ಚೆ ಆಮೇಲೆ. ಮನೆಯವರು ಮಾತ್ರ ಬಣ್ಣದಿಂದಲೇ ಶುರು ಮಾಡುತ್ತಾರೆ.

ಈ ಪಾಠ ನನಗೆ ಹೇಳಿಕೊಟ್ಟವರು ಶಿರಸಿ ಪೇಟೆಯ ಇಮಾಮ್ ಮೇಸ್ತ್ರಿ. ಸೀಸ ಕಾಯಿಸಿ ಬೀಡುಕಬ್ಬಿಣದ ಪೈಪಿಗೆ ಜೋಡು ಹಾಕುತ್ತಿದ್ದ ಕಾಲದವರು. ಬೈಗುಳವೂ ಹಾಗೆಯೇ, ಕಾಯಿಸಿದ ಸೀಸ. "ಪಹಲೇ ಹವಾ ನೋಡೋ! ಪಾನಿ ಎಲ್ಲಿ ಹೋಗ್ತದೆ? ಕೆಳಗೆ ಹೋಗೋದು ಬಿಟ್ಟು ಅದಕ್ಕೆ ಬೇರೆ ಏನು ಬರ್ತದೆ?" ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಅವರದೊಂದು ಪರೀಕ್ಷೆ ಇತ್ತು. ಒಬ್ಬನನ್ನು ಕೊಮೋಡಿನ ನೀರು ಬಿಡಲು ನಿಲ್ಲಿಸಿ, ತಾವು ನೆಲದ ಜಾಲರಿಯ ಹತ್ತಿರ ಊದುಬತ್ತಿ ಹಿಡಿಯುವುದು. ನೀರು ಬಿಟ್ಟರೂ ಹೊಗೆ ನೆಟ್ಟಗೆ ಎದ್ದರೆ ಕೆಲಸ ಸರಿ. ಜಾಲರಿಯೊಳಕ್ಕೆ ಹೊಗೆ ನುಗ್ಗಿದರೆ, ಇಲ್ಲವೇ ಒಳಗಿನಿಂದ ಯಾರೋ ಊದಿದ ಹಾಗೆ ಚದುರಿದರೆ, ಗಾಳಿಯ ದಾರಿಯಲ್ಲಿ ತಪ್ಪಾಗಿದೆ ಎಂದು ಲೆಕ್ಕ. ಹುಲೇಕಲ್ ರಸ್ತೆಯ ಮನೆಯೊಂದರಲ್ಲಿ ಮೇಸ್ತ್ರಿ ಹೀಗೆ ಊದುಬತ್ತಿ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದಾಗ ಮನೆಯ ಅಜ್ಜಿ ಬಂದು ನೋಡಿ, "ಪೂಜೆ ಇದೆ ಅಂತ ಮೊದಲೇ ಹೇಳಿದ್ದರೆ ಹೂವು ಕೊಯ್ದಿಡುತ್ತಿದ್ದೆ" ಎಂದಿದ್ದರು. ಮೇಸ್ತ್ರಿ ನಗಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿಲ್ಲ.

ಮೇಸ್ತ್ರಿ ತೀರಿಕೊಂಡ ಮೇಲೆ ಕೆಲವು ಕಾಲ ಯಲ್ಲಾಪುರದ ಗುತ್ತಿಗೆದಾರರೊಬ್ಬರ ಕೈಕೆಳಗೆ ದುಡಿದೆ. ಅವರ ಸಿದ್ಧಾಂತ ಬೇರೆ. "ಗಾಳಿ ದೇವರು ಪುಕ್ಕಟೆ ಕೊಟ್ಟಿದ್ದು, ಅದಕ್ಕೆ ಯಾಕೆ ಪೈಪು?" ಎನ್ನುತ್ತಿದ್ದರು. ಇಡಗುಂದಿ ಕಡೆಯ ಒಂದು ಮನೆಯಲ್ಲಿ ಯಜಮಾನರಿಗೆ ಹೆಂಚು ತೆಗೆಸಲು ಮನಸ್ಸಿರಲಿಲ್ಲ. ಗುತ್ತಿಗೆದಾರರು ಗಾಳಿ ಪೈಪನ್ನು ಮೆತ್ತಿನಲ್ಲೇ ನಿಲ್ಲಿಸಿಬಿಡು ಎಂದರು. ಮೆತ್ತು ಅಂದರೆ ಹೆಂಚಿನ ಅಡಿಯ ಅಟ್ಟ, ಉಪ್ಪಿನಕಾಯಿ ಭರಣಿ, ಹಲಸಿನ ಹಪ್ಪಳ ಎಲ್ಲ ಇರುವ ಜಾಗ. ನಾನು ಬೇಡ ಅಂದೆ. "ನೀನು ಗುತ್ತಿಗೆದಾರನೋ, ನಾನೋ?" ಎಂದರು. ಅವರೇ ಆಗಿದ್ದರು.

ಸ್ವಲ್ಪ ದಿನಕ್ಕೆ ಮನೆಯಲ್ಲಿ ಇಲಿ ಸತ್ತ ವಾಸನೆ ಶುರುವಾಯಿತು. ಮನೆಯವರು ಇಲಿ ಹುಡುಕಿದರು. ಭರಣಿಗಳೆಲ್ಲ ಕೆಳಗಿಳಿದವು, ಹಪ್ಪಳ ಅಂಗಳಕ್ಕೆ ಬಂತು, ಬೆಕ್ಕಿಗೆ ಸೋಮಾರಿ ಎಂಬ ಬಿರುದು ಬಂತು. ಪಕ್ಕದ ಊರಿನಿಂದ ಇನ್ನೊಂದು ಬೆಕ್ಕು ತಂದರು, ಅದೂ ಇಲಿ ಹಿಡಿಯಲಿಲ್ಲ. ಕಡೆಗೆ ಗುತ್ತಿಗೆದಾರರನ್ನೇ ಕರೆಸಿದರು. ಅವರು ಮೆತ್ತು ಹತ್ತಿ ಮೂಗಿಗೆ ಕರವಸ್ತ್ರ ಹಿಡಿದು ನಿಂತು, ಬಹಳ ಯೋಚನೆ ಮಾಡಿ, ಮೆತ್ತಿನ ಕಿಟಕಿ ತೆರೆದಿಡಿ ಎಂದು ಸಲಹೆ ಕೊಟ್ಟು ಕೆಳಗಿಳಿದರು. ಆಮೇಲೆ ಹೆಂಚು ತೆಗೆದು ಪೈಪು ಮೇಲಕ್ಕೆ ಒಯ್ದವನು ನಾನು. ಉಪ್ಪಿನಕಾಯಿ ಉಳಿಯಿತು, ಹಪ್ಪಳ ದನಕ್ಕೆ ಹೋಯಿತು. ಎಮ್ಮೆ ಒಂದೆರಡು ಮೂಸಿ ನೋಡಿ ಬೇಡ ಎಂದಿತಂತೆ.

ಈಗ ಬೀಡು ಇಲ್ಲ, ಸೀಸ ಇಲ್ಲ. ಪೈಪು ಹಗುರ, ಅಂಟು ಹಚ್ಚಿ ತಿರುವಿದರೆ ಕೂತಿತು. ಮನೆಯವರೆಲ್ಲ ಮೊಬೈಲಿನಲ್ಲಿ ನೋಡಿಕೊಂಡು ಬಂದು ನಮಗೇ ಪಾಠ ಹೇಳುತ್ತಾರೆ. ಒಳಕ್ಕೆ ಮಾತ್ರ ಗಾಳಿ ಬಿಟ್ಟುಕೊಳ್ಳುವ ರಬ್ಬರಿನ ಮುಚ್ಚಳವೊಂದು ಬಂದಿದೆ. ದೂರದ ಒಂದು ಬೇಸಿನ್ನಿಗೆ ಅದು ನಡೆಯುತ್ತದೆ. ಆದರೆ ಗುಂಡಿಯ ಗ್ಯಾಸು ಹೊರಗೆ ಹೋಗಲೇಬೇಕು, ಆದ್ದರಿಂದ ಮನೆಗೆ ಒಂದು ಪೈಪಾದರೂ ಆಕಾಶ ನೋಡುತ್ತಿರಬೇಕು. ಕೆಲಸದ ರೀತಿ ಎಷ್ಟೇ ಬದಲಾಗಲಿ, ಇದು ಬದಲಾಗಿಲ್ಲ. ಬದಲಾಗದೆ ಉಳಿದದ್ದು ಇನ್ನೊಂದಿದೆ, ಮನೆಯ ಯಜಮಾನರು. ಇಷ್ಟು ಹೇಳಿ ನಾನು ಶ್ರೀಪಾದ ಹೆಗಡೇರ ಮನೆಗೆ ಬರುತ್ತೇನೆ.

ಹೆಗಡೇರದು ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆ. ತೋಟ, ಗದ್ದೆ, ಊರಿನಲ್ಲಿ ಮರ್ಯಾದೆ ಎಲ್ಲ ಇತ್ತು. ಮಗ ಸುಬ್ರಾಯನಿಗೆ ಮದುವೆ ಮಾತ್ರ ಇರಲಿಲ್ಲ. ನಲವತ್ತು ಹತ್ತಿರ ಬಂದಿತ್ತು. ತೋಟದ ಹುಡುಗನಿಗೆ ಹೆಣ್ಣು ಸಿಗುವುದು ಈಗ ಎಷ್ಟು ಕಷ್ಟ ಎಂದು ಈ ಕಡೆಯ ಜನರಿಗೆ ನಾನು ಹೇಳಬೇಕಾಗಿಲ್ಲ. ಒಂದು ದಿನ ಸುಬ್ರಾಯ ಬೈಕಿನಲ್ಲಿ ನಮ್ಮ ಮನೆಗೇ ಬಂದ. ಯಲ್ಲಾಪುರದ ಕಡೆಯ ಒಂದು ಸಂಬಂಧ ಕೂಡಿಬಂದಿದೆ. ಹುಡುಗಿಯ ಹೆಸರು ವೀಣಾ, ಔಷಧಿ ಅಂಗಡಿಯಲ್ಲಿ ಕೆಲಸ. ಫೋನಿನಲ್ಲಿ ಇಬ್ಬರೂ ಮಾತಾಡಿಕೊಂಡಿದ್ದಾರೆ, ಮನಸ್ಸಿಗೂ ಬಂದಿದೆ. ಅವಳು ಕೇಳಿದ್ದು ಒಂದೇ, ಕೋಣೆಗೆ ಹೊಂದಿಕೊಂಡು ಬಚ್ಚಲು ಇರಬೇಕು.

"ಜಾತಕ ಕೂಡಿ ಬಂತು ಚನ್ನಬಸಪ್ಪ, ಬಚ್ಚಲು ಕೂಡಿ ಬರಲಿಲ್ಲ ಅಂತ ಆಗಬಾರದು," ಎಂದು ನಗಲು ನೋಡಿದ. ಆಮೇಲೆ ನಗು ಬಿಟ್ಟು, "ಅವಳ ಹತ್ತಿರ ಮಾತಾಡಿದ ದಿನ ನನಗೆ ಊಟ ಸೇರ್ತದೆ ಮಾರಾಯ. ಇದೊಂದು ತಪ್ಪಿದ್ರೆ ನಾನು ಮತ್ತೆ ಹೆಣ್ಣು ನೋಡೂದಿಲ್ಲ," ಎಂದ. ಅಷ್ಟು ದೊಡ್ಡ ಆಳು, ನನ್ನ ಕಟ್ಟೆಯ ಮೇಲೆ ಕೂತು ಕಣ್ಣು ತಪ್ಪಿಸುತ್ತಿದ್ದ. ಮಂಡಿ ಆಗಲೇ ಕಾಡುತ್ತಿತ್ತು. ಆದರೂ ಒಪ್ಪಿಕೊಂಡೆ.

ಮನೆ ನೋಡಿದೆ. ಸುಬ್ರಾಯನ ಕೋಣೆಯ ಪಕ್ಕ ಚಿಕ್ಕದೊಂದು ಉಗ್ರಾಣ, ಬಚ್ಚಲಿಗೆ ಹೇಳಿ ಮಾಡಿಸಿದ ಜಾಗ. ಉಗ್ರಾಣದ ಹಿಂದಿನ ಗೋಡೆಯಾಚೆ ದೇವರ ಕೋಣೆ. ನಾನು ಕತ್ತು ಎತ್ತಿ ಮಾಡು ನೋಡಿದೆ. ಹೆಗಡೇರೂ ನನ್ನ ಜೊತೆ ಕತ್ತು ಎತ್ತಿದರು.

"ಪೈಪು ಎಲ್ಲಿ ಹೋಗ್ತದೆ?"

"ಮ್ಯಾಲೆ ರೀ. ಹೆಂಚು ದಾಟಿ, ಮಾಡಿನ ನೆತ್ತಿಗಿಂತ ಒಂದು ಮೊಳ ಎತ್ತರ."

ಹೆಗಡೇರು ನನ್ನ ಹತ್ತಿರ ಪೇಟೆಯ ಕನ್ನಡ ಆಡುತ್ತಾರೆ. ಸಿಟ್ಟು ಬಂದರೆ ಮಾತ್ರ ಮನೆಮಾತು, ಆಗ 'ನಾನು' ಹೋಗಿ 'ಆನು' ಆಗುತ್ತದೆ, 'ನನಗೆ' ಹೋಗಿ 'ಯಂಗೆ'. "ದೇವ್ರ ಕೋಣೆ ಮಾಡಿಗಿಂತ ಎತ್ತರಕ್ಕೆ ಪಾಯಖಾನೆ ಪೈಪು ನಿಲ್ಸವಾ? ಎಂತ ಹೇಳ್ತೆ ನೀನು!"

"ಅದರಾಗ ಬರೇ ಗಾಳಿ ಇರ್ತೈತ್ರಿ, ಹೆಗಡೇರ."

"ಎಲ್ಲಿಂದ ಬಂದ ಗಾಳಿ ಹೇಳಿ ಯಂಗೆ ಗೊತ್ತಿಲ್ಯಾ?"

ದೇವರ ಕೋಣೆಯ ನೆತ್ತಿಯ ಮೇಲೆಯೇ ಟಿವಿಯ ಡಿಶ್ಶು ಬಾಣಲೆಯಂತೆ ಕೂತಿತ್ತು. ದಿನಾ ಸಂಜೆ ಅತ್ತೆ ಸೊಸೆಗೆ ವಿಷ ಹಾಕುವ ಧಾರಾವಾಹಿಗಳೆಲ್ಲ ಅದರ ಮೂಲಕವೇ ಮನೆಗೆ ಇಳಿಯುತ್ತಿದ್ದವು. ಅದಕ್ಕೆ ಮೈಲಿಗೆ ಇರಲಿಲ್ಲ. ನಾನು ಅದನ್ನು ಬೆರಳು ಮಾಡಿ ತೋರಿಸಲಿಲ್ಲ. ಕೆಲಸಕ್ಕೆ ಹೋದ ಮನೆಯಲ್ಲಿ ಯಜಮಾನರನ್ನು ವಾದದಲ್ಲಿ ಸೋಲಿಸಬಾರದು. ಗೆದ್ದರೆ ಕೆಲಸ ಹೋಗುತ್ತದೆ.

ಪುರೋಹಿತರನ್ನು ಕರೆಸಿದರು. ಭಟ್ಟರು ಕಷಾಯ ಕುಡಿದು, ಕಣ್ಣು ಮುಚ್ಚಿ, ಶಾಸ್ತ್ರದಲ್ಲಿ ಪ್ಲಾಸ್ಟಿಕ್ ಪೈಪಿನ ಪ್ರಸ್ತಾಪ ಇಲ್ಲ, ಆದ್ದರಿಂದ ನಿಷೇಧವೂ ಇಲ್ಲ, ಸಮ್ಮತಿಯೂ ಇಲ್ಲ ಎಂದರು. ಇದು ತೀರ್ಪೇ ಎಂದು ಕೇಳಿದಾಗ ಅಭಿಪ್ರಾಯ ಎಂದರು. ವಾಸ್ತು ನೋಡುವವನೊಬ್ಬ ಫೋನಿನಲ್ಲೇ ಮನೆ ನೋಡಿದ. ಕೊಮೋಡನ್ನು ವಾಯುವ್ಯಕ್ಕೆ ತಿರುಗಿಸಿದರೆ ಪೈಪೇ ಬೇಕಾಗುವುದಿಲ್ಲ ಎಂದ. ಹೆಸರಿನಲ್ಲೇ ವಾಯು ಇದೆಯಲ್ಲ ಎಂದು ಅವನ ಲೆಕ್ಕವೋ ಏನೋ. ಹೆಗಡೇರು ಕಡೆಗೆ ತಾವೇ ಒಂದು ಉಪಾಯ ತಂದರು, ಪೈಪನ್ನು ಸೂರಿನ ಕೆಳಗೇ ಮುಗಿಸಿಬಿಡು ಎಂದು. ಸೂರಿನ ಕೆಳಗೆ ಅಡುಗೆ ಮನೆಯ ಕಿಟಕಿ ಇತ್ತು.

"ಮುಗಸ್ತೀನ್ರಿ. ಆಮ್ಯಾಲೆ ಸಾರಿಗೆ ಒಗ್ಗರಣೆ ಹಾಕಿದಾಗ ಯಾವ ವಾಸನೆ ಯಾವುದು ಅಂತ ನೀವ ಆರಿಸ್ಕೋಬೇಕು," ಎಂದೆ.

ಹೆಗಡೇರಿಗೆ ಊಟದ ಮೇಲೆ ಪ್ರೀತಿ. ಕಿಟಕಿ ನೋಡಿದರು, ಮಾಡು ನೋಡಿದರು. ಕಡೆಗೆ ಒಂದು ರಾಜಿ ಆಯಿತು. ಪೈಪು ಬೇಸಿನ್ನಿನ ಮಟ್ಟಕ್ಕಿಂತ ಮೇಲೆ ಹೋದ ನಂತರ ಗೋಡೆಗುಂಟ ಪಡುವಣಕ್ಕೆ ಹೊರಳಿ, ದೇವರ ಕೋಣೆಯಿಂದ ದೂರ ಹೋಗಿ, ಅಲ್ಲಿಂದ ಹೆಂಚು ದಾಟಬೇಕು. ಹುಡುಗರೇ, ಗಾಳಿ ಪೈಪನ್ನು ಅಡ್ಡ ಹೊರಳಿಸುವುದಾದರೆ ಬೇಸಿನ್ನಿನ ಅಂಚಿಗಿಂತ ಮೇಲೆಯೇ ಹೊರಳಿಸಿ, ಒಳಗೆ ಕೂತ ನೀರು ವಾಪಸು ಇಳಿಯುವಂತೆ ಓರೆ ಇಡಿ. ಕೆಳಗೇ ಹೊರಳಿಸಿದರೆ ಒಂದು ದಿನ ಅದರಲ್ಲಿ ಹೊಲಸು ನಿಂತು ಗಾಳಿಯ ದಾರಿ ಕಟ್ಟುತ್ತದೆ. ಪೈಪಿಗೆ ಹೆಂಚಿನ ಬಣ್ಣ ಬಳಿಯಬೇಕೆಂದು ಹೆಗಡೇರು ಷರತ್ತು ಹಾಕಿದರು. ದೇವರಿಗೆ ಗೊತ್ತಾಗದಿರಲಿ ಎಂದೋ, ನೆರೆಯವರಿಗೆ ಗೊತ್ತಾಗದಿರಲಿ ಎಂದೋ ನಾನು ಕೇಳಲಿಲ್ಲ. ಬಳಿದೆ. ಊದುಬತ್ತಿ ಹಿಡಿದು ನೋಡಿದೆ. ಹೊಗೆ ನೆಟ್ಟಗೆ ಎದ್ದಿತು.

ಬೀಗರಾಗುವವರು ಮನೆ ನೋಡಲು ಬರುವ ದಿನ ಗೊತ್ತಾಯಿತು. ಹುಡುಗಿಯ ಸೋದರಮಾವ, ಅತ್ತೆ, ಚಿಕ್ಕಮ್ಮ. ಪದ್ಧತಿಯಂತೆ ಹುಡುಗಿ ಬರುವುದಿಲ್ಲ. ಜೂನಿನ ಮಿರ್ಗದ ಮಳೆಗೆ ಇನ್ನೇನು ಮೋಡ ಕಟ್ಟುತ್ತಿದ್ದ ಸಮಯ. ಹೆಗಡೇರು ನನಗೂ ಬರಹೇಳಿದರು. ಬಂದವರಿಗೆ ಬಚ್ಚಲು ವಿವರಿಸಲು ಅದನ್ನು ಮಾಡಿದವನೇ ಇದ್ದರೆ ಚೆಂದ ಎಂದು ಅವರ ವಿಚಾರ. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಜಗಲಿಯ ತುದಿಯಲ್ಲಿ ಕೂತೆ. ಸುಬ್ರಾಯ ಒಳಗೂ ಹೊರಗೂ ತಿರುಗಿ ತಿರುಗಿ ಹೊಸ್ತಿಲು ಸವೆಸುತ್ತಿದ್ದ.

ಬಂದವರು ಮನೆ ನೋಡಲಿಲ್ಲ, ತೋಟ ಕೇಳಲಿಲ್ಲ. ಕೈಕಾಲು ತೊಳೆಯುವ ನೆವದಲ್ಲಿ ಒಬ್ಬರಾದ ಮೇಲೆ ಒಬ್ಬರು ಬಚ್ಚಲಿಗೇ ನಡೆದರು. ಮಾವ ಹೋಗಿ ಬಂದರು, ಮುಖ ಪ್ರಸನ್ನವಾಗಿತ್ತು. ಅತ್ತೆ ಹೋಗಿ ಬಂದರು. ಕೊಮೋಡಿನ ನೀರು ಬಿಟ್ಟ ಸದ್ದಿನ ಹಿಂದೆಯೇ ಬೇಸಿನ್ನು ಗುಳುಗುಳು ಎಂದಿತು. ಆ ಸದ್ದು ನನಗೆ ಗೊತ್ತು, ಅದು ಟ್ರ್ಯಾಪಿನ ನೀರು ಹೋಗುವ ಸದ್ದು. ಚಿಕ್ಕಮ್ಮನವರು ಬಹಳ ಹೊತ್ತು ಇದ್ದು, ಎರಡೆರಡು ಸಲ ನೀರು ಬಿಟ್ಟು ಬಂದರು. ಎಲ್ಲರೂ ಕೂತರು. ಸಿಹಿಗೆ ತೊಡದೇವು ಬಂತು, ತುಪ್ಪ ಬಂತು. ಅದರ ಬೆನ್ನಿಗೇ ವಾಸನೆ ಬಂತು.

ದೊಡ್ಡವರ ಮನೆಯಲ್ಲಿ ವಾಸನೆ ಬಂದರೆ ಬಂದಿಲ್ಲ ಎನ್ನುವಂತೆ ಕೂರುವುದು ಸಭ್ಯತೆ. ಮಾವ ಒಂದು ತೊಡದೇವು ಮುರಿದು ಬಾಯಿಗೆ ಒಯ್ದು, ಕೆಳಗಿಟ್ಟರು. ಅತ್ತೆ ಸೆರಗು ಮೂಗಿಗೆ ತಂದು, ಬೆವರು ಒರೆಸಿಕೊಂಡ ಹಾಗೆ ಮಾಡಿದರು. ಚಿಕ್ಕಮ್ಮ ನೇರವಾಗಿ ನನ್ನ ಮುಖ ನೋಡಿದರು, ವಾಸನೆ ನನ್ನಿಂದಲೇ ಬರುತ್ತಿದೆಯೇನೋ ಎಂಬಂತೆ.

"ಮನೆ ಚೊಲೊ ಇದ್ದು ಹೆಗಡೇರೆ," ಎಂದು ಮಾವ ಎದ್ದರು. "ಮನೆಗೆ ಹೋಗಿ ತಿಳಿಸ್ತ್ಯ."

ತಿಳಿಸುತ್ತೇವೆ ಅಂದರೆ ನಮ್ಮ ಕಡೆ ತಿಳಿಸಿದ ಹಾಗೆಯೇ. ಅವರ ಕಾರು ತಿರುವು ದಾಟುವವರೆಗೂ ಸುಬ್ರಾಯ ಅಂಗಳದಲ್ಲಿ ನಿಂತಿದ್ದ. ಹೆಗಡೇರು ನನ್ನ ಮೇಲೆ ತಿರುಗಿದರು.

"ಎಂತ ಮಾಡಿಟ್ಟಿದ್ದೆ ನೀನು? ಯಂಗಳ ಮಾನ ಕಳದೆ!"

ನಾನು ಅಂಗಳಕ್ಕೆ ಇಳಿದು ಪಡುವಣಕ್ಕೆ ಹೋಗಿ ಮಾಡು ನೋಡಿದೆ. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ, ಅಂದರೆ ಕೊಟ್ಟೆ, ಕಟ್ಟಿತ್ತು. ಈ ಕಡೆ ಮಳೆ ಹಿಡಿಯುವ ಮೊದಲು ಅಡಿಕೆ ಕೊನೆ ಕೊಳೆಯಬಾರದೆಂದು ಕೊಟ್ಟೆ ಮುಚ್ಚಿ ಬಿಗಿಯುತ್ತಾರಲ್ಲ, ಥೇಟ್ ಹಾಗೆಯೇ. ಕತ್ತಿನ ಹತ್ತಿರ ಹಗ್ಗ, ಹಗ್ಗಕ್ಕೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಗಂಟು. ಒಂದು ತೊಟ್ಟು ನೀರು ಒಳಗೆ ಇಳಿಯದ ಹಾಗೆ, ಒಂದು ಉಸಿರು ಗಾಳಿ ನುಸುಳದ ಹಾಗೆ. ಕಸುಬುದಾರ ಕಸುಬುದಾರನನ್ನು ಮೆಚ್ಚಲೇಬೇಕು, ಬಹಳ ಅಚ್ಚುಕಟ್ಟಾದ ಕೆಲಸ.

"ಹೆಗಡೇರ, ಇದನ್ನ ಯಾರು ಕಟ್ಟಿಸಿದ್ರಿ?"

ಹೆಗಡೇರು ಮೇಲೆ ನೋಡಿದರು. ಸಿಟ್ಟು ಅರ್ಧಕ್ಕೆ ಇಳಿಯಿತು. "ಕೊನೆಗೌಡ ತೋಟಕ್ಕೆ ಬಂದಿದ್ದ. ಬಾಯಿ ತೆರ್ಕೊಂಡು ನಿಂತದೆ, ಮಳೆ ನೀರು ಹೊಕ್ಕರೆ ಕೊಳೆತು ಹೋಗ್ತದೆ ಅಂತ ಇದಕ್ಕೂ ಒಂದು ಕಟ್ಟು ಅಂದೆ."

"ಪೈಪಿಗೆ ಕೊಳೆ ರೋಗ ಬರೂದಿಲ್ರಿ. ಮಳೆ ನೀರು ಅದರಾಗ ಬಿದ್ರ ಗುಂಡಿಗೆ ಹೋಗ್ತೈತಿ, ಅಷ್ಟ."

"ಎಷ್ಟಂದ್ರೂ ಮುಚ್ಚಿದ್ದು ಒಳ್ಳೆದು ಅಂತ..." ಹೆಗಡೇರ ಮಾತು ಅಲ್ಲಿಗೇ ನಿಂತಿತು. ಸುಬ್ರಾಯ ಏಣಿ ತಂದು ಗೋಡೆಗೆ ಆನಿಸಿದ್ದ.

ಅಪ್ಪನ ಎದುರು ಅವನು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಾಡು ಹತ್ತಿ, ಹಲ್ಲಿನಲ್ಲಿ ಗಂಟು ಬಿಚ್ಚಿ, ಕೊಟ್ಟೆಯನ್ನು ಅಂಗಳಕ್ಕೆ ಎಸೆದ. "ಅಪ್ಪಯ್ಯಾ, ಇನ್ನು ಈ ಪೈಪಿಗೆ ಯಾರೂ ಕೈ ಹಚ್ಚಡಿ!" ಎಂದು ಮೇಲಿನಿಂದಲೇ ಕೂಗಿದ. ಆಮೇಲೆ ಇಳಿಯಲಿಲ್ಲ. ಆ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗುವುದೇ ಮಾಡಿನ ಮೇಲೆ. ಒಂದು ಕೈಯಲ್ಲಿ ಗಾಳಿ ಪೈಪು ಹಿಡಿದುಕೊಂಡು, ಇನ್ನೊಂದರಲ್ಲಿ ಫೋನು ಹಚ್ಚಿದ.

ಕೆಳಗೆ ನಿಂತ ನಮಗೆ ಅರ್ಧ ಮಾತು ಮಾತ್ರ ಕೇಳುತ್ತಿತ್ತು. "ವೀಣಾ, ನಿಮ್ಮ ಮಾವ ಬಂದು ಎಂತ ಹೇಳಿದ್ರೂ ಖರೆ, ವಾಸನೆ ಬಂತು... ಕೊಟ್ಟೆ. ಪ್ಲಾಸ್ಟಿಕ್ ಕೊಟ್ಟೆ... ಇಲ್ಲೆ, ಅಡಿಕೆಗಲ್ಲ, ಪೈಪಿಗೆ!" ಫೋನು ಕಿವಿಗೆ ಒತ್ತಿಕೊಂಡ. "ನಗಾಡಡ. ಯಂಗೆ ಅಳು ಬತ್ತಾ ಇದ್ದು." ಮತ್ತೆ ಕೇಳಿದ. ಕೆಳಗಿಳಿದು ಬಂದು ಅಪ್ಪನಿಗೆ, "ವೀಣಾನೇ ಬತ್ತಡ. ಯಾರ ಮಾತೂ ಬ್ಯಾಡ, ಆನೇ ಬಂದು ನೋಡ್ತೆ ಹೇಳ್ತು," ಎಂದ.

"ಕೂಸೇ ಮನೆ ನೋಡುಲೆ ಬತ್ತಡ?" ಹೆಗಡೇರು ಜಗಲಿಯ ಮೇಲೆ ಕೂತುಬಿಟ್ಟರು. ಹುಡುಗಿಯೇ ಗಂಡಿನ ಮನೆ ನೋಡಲು ಬರುವುದನ್ನು ಆ ಊರು ಕಂಡಿರಲಿಲ್ಲ. ಶಾಸ್ತ್ರದಲ್ಲಿ ಅದಕ್ಕೂ ನಿಷೇಧ, ಸಮ್ಮತಿ ಎರಡೂ ಇರಲಿಕ್ಕಿಲ್ಲ. ಈ ಸಲ ಭಟ್ಟರನ್ನು ಕರೆಸಲು ಸುಬ್ರಾಯ ಬಿಡಲಿಲ್ಲ.

ಅವಳು ಬರುವ ದಿನ ನಾನು ಬೆಳಿಗ್ಗೆಯೇ ಹೋಗಿ ಟ್ರ್ಯಾಪುಗಳಿಗೆ ನೀರು ತುಂಬಿ, ಊದುಬತ್ತಿ ಹಿಡಿದು, ಮಾಡಿನ ಮೇಲೆ ಕಣ್ಣು ಹಾಯಿಸಿ ಬಂದೆ. ದುಡ್ಡು ಪಡೆದ ಕೆಲಸ ಮುಗಿದು ಬಹಳ ದಿನವಾಗಿತ್ತು. ಈ ಹುಡುಗನ ಮದುವೆ ನನ್ನ ಪೈಪಿನಿಂದ ನಿಂತಿತು ಎಂದು ಯಾರಾದರೂ ಅಂದರೆ ನಾನು ಬನವಾಸಿಯಲ್ಲಿ ತಲೆ ಎತ್ತುವುದು ಹೇಗೆ?

ವೀಣಾ ತಾಯಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬಂದಳು. ಜಗಲಿಯಲ್ಲಿ ಎಲ್ಲರಿಗೂ ಕೈ ಮುಗಿದು, ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡಳು. ನೀರು ಬಿಟ್ಟಳು. ಬೇಸಿನ್ನಿನ ನಲ್ಲಿ ತಿರುವಿದಳು. ಮತ್ತೆ ನೀರು ಬಿಟ್ಟಳು. ಗುಳುಗುಳು ಇಲ್ಲ, ಏನೂ ಇಲ್ಲ. ಸುಬ್ರಾಯ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹೆಗಡೇರು ಪಂಚಾಯಿತಿ ಗೆದ್ದವರ ಹಾಗೆ ಕಷಾಯದ ಲೋಟ ಎತ್ತಿಕೊಂಡರು. ಅವಳು ಹೊರಗೆ ಬಂದು ತಾಯಿಯ ಪಕ್ಕ ಕೂತಳು.

"ಚೊಲೊ ಮಾಡಿದ್ರಿ," ಎಂದು ನನಗೆ ಹೇಳಿ, ಹೆಗಡೇರ ಕಡೆ ತಿರುಗಿದಳು. "ಒಂದು ಮಾತು ಕೇಳ್ತೆ, ಸಿಟ್ಟು ಮಾಡಡಿ. ಇದನ್ನ ತೊಳೆಯದು ಯಾರು?"

ಪೈಪಿನ ಎತ್ತರದ ಬಗ್ಗೆ, ದಿಕ್ಕಿನ ಬಗ್ಗೆ, ಬಣ್ಣದ ಬಗ್ಗೆ, ಮಡಿಯ ಬಗ್ಗೆ ಆ ಮನೆಯಲ್ಲಿ ಎಷ್ಟು ಮಾತಾಗಿತ್ತೋ, ಈ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ.

"ಅದ್ಕೆಂತ..." ಹೆಗಡೇರು ಗಂಟಲು ಸರಿಮಾಡಿಕೊಂಡರು. "ಮನೆ ಹೆಂಗಸ್ರು ಹೇಳಿ ಇರ್ತ್ವಲಿ..."

"ಆನು ತೊಳಿತೆ," ಎಂದ ಸುಬ್ರಾಯ.

ಅವಳು ಅವನ ಕಡೆ ನೋಡಿದಳು. "ಇವತ್ತು ಯಾರು ತೊಳದ್ದು?"

"ಆನೇಯ."

"ಆನು ಬತ್ತೆ ಹೇಳಿ ತೊಳದ್ರಾ?"

ಸುಬ್ರಾಯ ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೆಂದು ಈಗ ನನಗೆ ಅನಿಸುತ್ತದೆ. "ಇವತ್ತಿನ ಮಟ್ಟಿಗೆ ಹೌದು. ಅದ್ಕೂ ಮುಂಚೆ ಆನು ತೊಳದ್ದೇ ಇಲ್ಲೆ. ಇನ್ನು ಒಂದಿನ ಆನು, ಒಂದಿನ ನೀನು."

ವೀಣಾ ನಕ್ಕಳು. "ಆತು ಹಂಗಾರೆ," ಎಂದಳು. ಅವಳ ತಾಯಿ ಯಾವ ತಿಂಗಳಿಗೆ ಮುಹೂರ್ತ ಇಡುವುದೆಂದು ಬೆರಳು ಮಡಚತೊಡಗಿದರು. ನನಗೆ ಎದ್ದು ಸುಬ್ರಾಯನನ್ನು ಅಪ್ಪಿಕೊಳ್ಳಬೇಕು ಎನಿಸಿತು. ಮಂಡಿ ಬಿಡಲಿಲ್ಲ.

ಆಗ ಒಳಗಿನಿಂದ ಗಂಗಕ್ಕ ಬಂದರು. ಸುಬ್ರಾಯನ ತಾಯಿ. ನಾನು ಹೋದಾಗಲೆಲ್ಲ ಕಷಾಯ ತಂದಿಟ್ಟು ಒಳಗೆ ಹೋಗುವವರು, ಗಂಡಸರು ಮಾತಾಡುವಾಗ ಜಗಲಿಗೆ ಬಂದು ನಿಂತವರೇ ಅಲ್ಲ. ಸೀದಾ ಹುಡುಗಿಯ ಹತ್ತಿರ ಬಂದು ಅವಳ ಕೈ ಹಿಡಿದುಕೊಂಡರು.

"ಕೂಸೇ, ಆನು ಮದುವೆ ಆಗಿ ಬಂದ ಲಾಗಾಯ್ತು ಹಿತ್ತಲ ಪಾಯಖಾನೆ ತೊಳಕಂಡು ಬಂದಿದ್ದು ಆನೇಯ. ಜ್ವರ ಬಂದಾಗ್ಲೂ ಆನೇಯ. ಹಿಂಗೆ ಒಂದು ಮಾತು ಕೇಳಲಕ್ಕು ಹೇಳಿ ಯಂಗೆ ಗೊತ್ತೇ ಇದ್ದಿದ್ದಿಲ್ಲೆ." ಆ ಮನೆಯಲ್ಲಿ ಅಳತೆಪಟ್ಟಿ ಹಿಡಿದು ಮೂಲೆ ಮೂಲೆ ಅಳೆದವನು ನಾನು. ಆ ಹೆಂಗಸಿನ ದನಿಯನ್ನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು.

ಗಂಗಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಗಂಡನ ಕಡೆ ತಿರುಗಿದರು.

"ಒಳಗಿಂದು ಇವಿಬ್ರೂ ತೊಳಕತ್ತ. ಹಿತ್ತಲಿಂದು ನಾಳೆಯಿಂದ ನಿಂಗ ತೊಳೀರಿ."

ಹೆಗಡೇರು ಮಗನ ಮುಖ ನೋಡಿದರು, ಬೀಗಿತ್ತಿಯ ಮುಖ ನೋಡಿದರು, ಕಡೆಗೆ ನನ್ನ ಮುಖ ನೋಡಿದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ.

"ಪ್ಯಾಟಿಗೆ ಹೊಂಟೀನ್ರಿ, ಹೆಗಡೇರ," ಎಂದೆ. "ಬ್ರಷ್ಷು ಉದ್ದ ಹಿಡಿಕಿದ್ದು ತರ್ಲೋ, ಗಿಡ್ಡ ಹಿಡಿಕಿದ್ದೋ?"